ಹೊರಗಿನ ಚಿಲಕ

ಹಿತ್ತಲು ಕೈಗೆ ಬಂದ ದಿನವೇ ಅತ್ತೆ ಸೊಸೆ ಇಬ್ಬರೂ ಅಲ್ಲಿ ರಕ್ತ ಹರಿಸಿದರು. ಮುಳ್ಳುಪೊದೆ ಕಡಿಯುತ್ತಾ ಮೂಲೆಗೆ ಬಂದರೆ ಒಡೆದ ಸಿಮೆಂಟು ತೊಟ್ಟಿಯೊಂದು ಬೋರಲು ಬಿದ್ದಿತ್ತು. ಅದಕ್ಕೆ ಹಾರೆ ಹಾಕಿ ಮೀಟಿದ್ದೇ ತಡ, ಅಡಿಯಿಂದ ಹೆಗ್ಗಣಗಳು ಸಿಡಿದು ಬಂದವು. ಸೊಸೆ ಹಿಂದೆ ಮುಂದೆ ನೋಡಲಿಲ್ಲ. ಗುದ್ದಲಿ ಮಗುಚಿ ಹಿಡಿದು ಬಡಿದಳು. ಒಂದರ ಬೆನ್ನು ಮುರಿಯಿತು, ಇನ್ನೊಂದರ ತಲೆ ಗೋಡೆಗೆ ಅಪ್ಪಚ್ಚಿಯಾಯಿತು. ಸತ್ತಂತೆ ಬಿದ್ದಿದ್ದ ಮುದಿ ಹೆಗ್ಗಣವೊಂದು ಹತ್ತಿರ ಹೋದ ಅತ್ತೆಯ ಹಿಮ್ಮಡಿಗೆ ಹಲ್ಲು ನೆಟ್ಟು ಜೋತುಬಿತ್ತು. ಸೊಸೆ ಅದರ ಕುತ್ತಿಗೆ ಮೇಲೆ ಕಾಲಿಟ್ಟು, ಹಾರೆಯ ತುದಿಯಿಂದ ದವಡೆ ಬಿಡಿಸಿ, ಅದೇ ಹಾರೆಯಿಂದ ನೆಲಕ್ಕೆ ಚುಚ್ಚಿದಳು. ಎಲ್ಲ ಮುಗಿದ ಮೇಲೂ ಸತ್ತದ್ದನ್ನೇ ಬಡಿಯುತ್ತಿದ್ದಳು. ಅತ್ತೆ ಕುಂಟುತ್ತಾ ಹೋಗಿ ತೋಳು ಹಿಡಿದು ನಿಲ್ಲಿಸಬೇಕಾಯಿತು.

ಹಿತ್ತಲಿನ ಒಡತಿ ನರ್ಸಮ್ಮ. ಆಸ್ಪತ್ರೆಯ ಕೆಲಸ ಮುಗಿಸಿ ಮನೆಯಲ್ಲಿ ಕೂತವರು. ಅಡುಗೆಮನೆಯ ಕಿಟಕಿಯಿಂದ ಇದನ್ನೆಲ್ಲ ನೋಡಿ ಔಷಧಿ ಡಬ್ಬಿ ಹಿಡಿದು ಬಂದರು. ಹಿಮ್ಮಡಿ ತೊಳೆದು ಪಟ್ಟಿ ಕಟ್ಟುತ್ತಾ, ನಾನು ಜಾಗ ಕೊಟ್ಟದ್ದು ಕೋಳಿ ಸಾಕೋಕೋ ಕುಸ್ತಿ ಆಡೋಕೋ ಎಂದು ಕೇಳಿದರು. ಆಮೇಲೆ ಅವರ ಕಣ್ಣು ಸೊಸೆಯ ಎಡಗೈ ಮೇಲೆ ನಿಂತಿತು. ಅದರ ಎರಡು ಬೆರಳು ಬಗ್ಗಿದ ಮೊಳೆಗಳ ಹಾಗೆ ಸೊಟ್ಟಗಿದ್ದವು. ಬಾಗಿಲ ಸಂದಿಗೆ ಸಿಕ್ಕ ಕೈಗಳನ್ನು ಅವರು ಬೇಕಾದಷ್ಟು ಕಂಡಿದ್ದರು.

ಅದು ಬಾಗಿಲಿಗೆ ಸಿಕ್ಕ ಕೈಯೇ. ಸಿಕ್ಕಿಸಿದವನು ಅತ್ತೆಯ ಮಗ. ಕೋಳಿ ಅಂಗಡಿಯಲ್ಲಿ ಕತ್ತರಿಸುವ ಕೆಲಸ ಅವನದು. ಅಂಗಡಿಯಲ್ಲಿ ಬಿಸಿಯಾದ ಕೈ ಮನೆಗೆ ಬಂದರೂ ಆರುತ್ತಿರಲಿಲ್ಲ. ಬೆರಳು ಮುರಿದ ದಿನ ಅತ್ತೆ ಪಕ್ಕದ ಕೋಣೆಯಲ್ಲಿ ಯಾರದೋ ಅಂಗಿಗೆ ಇಸ್ತ್ರಿ ತಿಕ್ಕುತ್ತಿದ್ದಳು. ಚೀರಾಟ ಕೇಳಿಯೂ ಪೆಟ್ಟಿಗೆ ಕೆಳಗಿಡಲಿಲ್ಲ. ತಿಕ್ಕಿದ ಜಾಗವನ್ನೇ ತಿಕ್ಕಿ ಅಂಗಿಯ ಬೆನ್ನು ಕರಕಲಾಯಿತು. ಆಸ್ಪತ್ರೆಯಲ್ಲಿ ಕೇಳಿದವರಿಗೆ, ಗಾಳಿಗೆ ಬಾಗಿಲು ಬಡಿಯಿತು ಎಂದು ಹೇಳಿದವಳೂ ಅವಳೇ. ಆದರೆ ಸೊಸೆ ಪಟ್ಟಿ ಕಟ್ಟಿಸಿಕೊಂಡು ಹೊರಗೆ ಬಂದು, ಮನೆಯ ದಾರಿ ಬಿಟ್ಟು ರಸ್ತೆಯ ಇನ್ನೊಂದು ದಿಕ್ಕಿಗೆ ತಿರುಗಿದಾಗ ಅತ್ತೆಯೂ ಅವಳ ಹಿಂದೆ ನಡೆದಳು. ಇಸ್ತ್ರಿಪೆಟ್ಟಿಗೆಯನ್ನು ಆಮೇಲೆ ಹೋಗಿ ತಂದಳು.

ಈಗ ಇಬ್ಬರೂ ಹಿತ್ತಲ ಬದಿಯ ಒಂದು ಕೋಣೆಯಲ್ಲಿದ್ದರು. ಕೋಣೆಯ ಮೂಲೆಯ ಬುಟ್ಟಿಯಲ್ಲಿ ಸೊಸೆ ತವರಿಂದ ತಂದ ಒಂದು ಹುಂಜ, ಮೂರು ಹೇಂಟೆ. ಗಿಡ್ಡ ಕೋಳಿಗಳು, ಪೇಟೆಯವರು ಬ್ಯಾಂಟಮ್ ಅನ್ನುತ್ತಾರೆ. ಗಾತ್ರ ಪಾರಿವಾಳದಷ್ಟು, ಸಿಟ್ಟು ಹದ್ದಿನಷ್ಟು. ಹುಂಜದ ಹೆಸರು ದೊರೆ. ಈ ಜಾತಿಯ ಹೇಂಟೆಯಷ್ಟು ಗಟ್ಟಿಯಾಗಿ ಕಾವಿಗೆ ಕೂರುವ ಕೋಳಿ ಬೇರೆ ಇಲ್ಲ. ಬಾತಿನ ಮೊಟ್ಟೆಯಾಗಲಿ, ಊರ ದೊಡ್ಡ ಕೋಳಿಯ ಮೊಟ್ಟೆಯಾಗಲಿ, ಅಡಿಗಿಟ್ಟರೆ ಸಾಕು, ತನ್ನದೇ ಅಂದುಕೊಂಡು ಎದೆಯಡಿಗೆ ಎಳೆದುಕೊಳ್ಳುತ್ತದೆ. ಜನ ಮೊಟ್ಟೆ ತಂದುಕೊಟ್ಟು ಮರಿ ಒಯ್ಯುತ್ತಾರೆ, ಆ ಕೂಲಿಯಲ್ಲಿ ಹೊಟ್ಟೆ ಹೊರೆಯಬಹುದು ಎಂದು ಸೊಸೆ ಹೊರಟಿದ್ದಳು. ಇದು ನೆಲೆ ನಿಂತರೆ ಅವಳು ಬದುಕಿದಳು. ನಿಲ್ಲದಿದ್ದರೆ ಮತ್ತೆ ಆ ಬಾಗಿಲಿಗೇ ಹೋಗಬೇಕು.

ಹೆಗ್ಗಣ ಸತ್ತರೂ ಬಿಲ ಸಾಯುವುದಿಲ್ಲವಲ್ಲ. ಖಾಲಿ ಬಿಲಕ್ಕೆ ನಾಳೆ ಇನ್ನೊಂದು ಬರುತ್ತದೆ, ಮುಂಗುಸಿಯೂ ಬರುತ್ತದೆ. ಅದಕ್ಕೆ ಸೊಸೆ ಅಪ್ಪನಿಂದ ಕಲಿತ ರೀತಿಯಲ್ಲಿ ಬೇಲಿಗೆ ಗುರುತು ಹಾಕಿದಳು. ಜಾಲರಿಯನ್ನು ಮೊಳದಾಳ ನೆಲಕ್ಕಿಳಿಸಬೇಕು, ಅಲ್ಲಿಂದ ಹೊರಕ್ಕೂ ಒಳಕ್ಕೂ ಅದರ ಸೆರಗು ಹಾಸಿ ಮೇಲೆ ಮಣ್ಣು ಮುಚ್ಚಬೇಕು. ಇಷ್ಟೆಲ್ಲ ಯಾತಕ್ಕೆ ಎಂದು ಅತ್ತೆ ಕೇಳಿದಳು.

"ಅಗೆಯೋ ಪ್ರಾಣಿ ಬೇಲಿ ಬುಡದಲ್ಲೇ ಅಗೆಯೋದು ಅತ್ತೆ. ಒಂದು ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡೋಣ ಅನ್ನೋ ಬುದ್ಧಿ ಅದಕ್ಕೆ ಬರಲ್ಲ. ಕೆರೆದೂ ಕೆರೆದೂ ಉಗುರು ಕಿತ್ತುಕೊಂಡು ಹೋಗುತ್ತೆ."

ಅಗೆತ ಅರ್ಧಕ್ಕೆ ಬಂದಾಗ ಮಗ ಬಂದ. ಗಡ್ಡ ಬೋಳಿಸಿ, ಒಗೆದ ಅಂಗಿ ತೊಟ್ಟು, ತಳ್ಳುಗಾಡಿಯಲ್ಲಿ ಅಂಗಡಿಯ ಹಳೆ ಪಂಜರಗಳ ದಪ್ಪ ಜಾಲರಿ ಹೇರಿಕೊಂಡು ಬಂದಿದ್ದ. ಹೆಂಡತಿಯ ಮುಖ ನೋಡಲಿಲ್ಲ. ಅಮ್ಮನ ಕಾಲ ಪಟ್ಟಿ ನೋಡಿ ಅವನ ಕಣ್ಣು ತುಂಬಿತು. ಕುಡಿಯೋದು ಬಿಟ್ಟಿದ್ದೀನಿ, ಕೆಲಸ ಮಾಡಿಕೊಟ್ಟು ಹೋಗ್ತೀನಿ, ಬೇರೇನೂ ಕೇಳಲ್ಲ ಎಂದ. ಜಾಲರಿ ಒಳಗೆ ಬರಲಿ, ಅವರು ಬೇಡ ಎಂದಳು ಸೊಸೆ. ಅತ್ತೆ ನಡುವೆ ಬಿದ್ದಳು. ಗೂಟ ಬಡಿಯೋಕೆ ಗಂಡಾಳು ಬೇಕಲ್ಲ, ಮುಗಿದ ಮೇಲೆ ಹೋಗ್ತಾನೆ ಎಂದಳು. ಸೊಸೆ ಗಾಡಿಯ ದಾರಿಯಿಂದ ಪಕ್ಕಕ್ಕೆ ಸರಿದಳು.

ಕಿಟಕಿಯಲ್ಲಿ ನರ್ಸಮ್ಮ ತೊಳೆಯುತ್ತಿದ್ದ ಪಾತ್ರೆಗೆ ಹೇಳಿದ ಹಾಗೆ ಹೇಳಿದರು: "ಹೆತ್ತವರಿಗೆ ಹೆಗ್ಗಣ ಮುದ್ದು."

ಅತ್ತೆಗೆ ಕೇಳಿಸಿತು. ಕೇಳಿಸದವಳಂತೆ ಮಣ್ಣಿನ ಬುಟ್ಟಿ ಎತ್ತಿಕೊಂಡಳು.

ಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಗೂಟ ನೆಟ್ಟ, ಜಾಲರಿ ಬಿಗಿದ, ನೆಲದಡಿಯ ಸೆರಗನ್ನೂ ತಾನೇ ಹಾಸಿ ಕಲ್ಲು ಹೇರಿದ. ಹದ್ದು ಎರಗದ ಹಾಗೆ ಮೇಲೂ ಜಾಲರಿ ಹೊದಿಸಿ, ಗೂಡು ಎದೆಮಟ್ಟದ್ದಾಯಿತು. ಒಳಗೆ ಹೋಗುವವರು ಸೊಂಟ ಬಗ್ಗಿಸಿಯೇ ಹೋಗಬೇಕು. ಕಟ್ಟಿನ ತಂತಿಯನ್ನು ಇಕ್ಕಳದಿಂದ ಎಷ್ಟು ಬಿಗಿಯಾಗಿ ತಿರುಚುತ್ತಿದ್ದನೆಂದರೆ ತಂತಿ ಕಿರುಗುಟ್ಟುತ್ತಿತ್ತು. ನಡುವೆ ಒಂದು ಮರದ ಬೊಡ್ಡೆ ಬೇರು ಬಿಡದೆ ಕಾಡಿತು. ಅವನು ಮೊದಲು ಕೊಡಲಿಯಿಂದ ಕಡಿದ, ಆಮೇಲೆ ಬೈಯುತ್ತಾ ಕಡಿದ, ಕೊನೆಗೆ ಬೊಡ್ಡೆ ಚಕ್ಕೆಯಾಗಿ ಮಣ್ಣಾದ ಮೇಲೂ ಬಾಯಲ್ಲಿ ಜೊಲ್ಲು ಸುರಿಸುತ್ತಾ ಕಡಿಯುತ್ತಲೇ ಇದ್ದ. ಆ ಹೊತ್ತಿಗೆ ಸೊಸೆ ಬಿಸಿಲಿಗಿಟ್ಟಿದ್ದ ಕೋಳಿಬುಟ್ಟಿಯನ್ನು ಕೋಣೆಯೊಳಗೆ ಒಯ್ದು ಬಾಗಿಲು ಹಾಕಿಕೊಂಡಿದ್ದಳು. ಅತ್ತೆ ಮಾತ್ರ, ಕೆಲಸದ ಆಯಾಸ ಪಾಪ, ಎಂದು ನೀರು ಕೊಟ್ಟಳು.

ಬಾಗಿಲು ಕೂರಿಸುವಾಗ ಒಂದು ಜಗಳವಾಯಿತು. ಅವನು ಚಿಲಕವನ್ನು ಹೊರಗಡೆ ಮಾತ್ರ ಹಾಕಿದ್ದ. ನಾನು ಒಳಗಿರುವಾಗ ಯಾರಾದರೂ ನುಗ್ಗಿಬಿಟ್ಟರೆ ಎಂದಳು ಸೊಸೆ. ಒಳಗೂ ಒಂದು ಬೇಕು ಎಂದಳು. ಅವನು ನಕ್ಕ. ಇಷ್ಟು ವರ್ಷ ಪಂಜರದ ಮುಂದೆ ನಿಂತವನು ನಾನು, ಒಳಗೆ ಚಿಲಕ ಇರೋ ಪಂಜರ ಎಲ್ಲಿ ನೋಡಿದ್ದೀಯ ಎಂದ. ಅಂಗಡಿಯ ಪಂಜರದಲ್ಲಿ ಕೈ ಹೊರಗಿನಿಂದ ಒಳಗೆ ಹೋಗುತ್ತದೆ, ಒಳಗಿದ್ದದ್ದು ತಾನಾಗಿ ಬರುವುದಿಲ್ಲ. ಅವನಿಗೆ ಗೊತ್ತಿದ್ದದ್ದು ಅದೊಂದೇ.

ಗೂಡಿಗೆ ಕೋಳಿ ಬಿಡುವ ದಿನ ಬೆಳಗ್ಗೆ ಮೊದಲ ಗಿರಾಕಿ ಬಾತಿನ ಮೊಟ್ಟೆ ತಂದುಕೊಟ್ಟು ಹೋದ. ಸೊಸೆ ಗೂಡಿನೊಳಗೆ ಬಗ್ಗಿ ಹೋಗಿ, ಕಾವು ಬಂದಿದ್ದ ಹೇಂಟೆಯನ್ನು ಹುಲ್ಲಿನ ಪೆಟ್ಟಿಗೆಯಲ್ಲಿ ಕೂರಿಸಿ ಅಡಿಗೆ ಮೊಟ್ಟೆ ಜಾರಿಸಿದಳು. ಅದು ಮೈಯುಬ್ಬಿಸಿ ಒಂದೊಂದನ್ನೂ ಒಳಗೆಳೆದುಕೊಂಡಿತು. ದೊರೆ ರೆಕ್ಕೆ ಬಡಿದು ಕೂಗಿದ. ಮಗ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದ.

"ಆಯ್ತಲ್ಲ. ಇನ್ನು ನಡಿ ಮನೆಗೆ," ಎಂದ. "ಕೋಳೀನ ಅಮ್ಮ ನೋಡ್ಕೊಳ್ತಾಳೆ."

ಸೊಸೆ ಹೇಂಟೆಯ ಮೇಲಿನ ಕೈ ತೆಗೆಯದೆ ಹೇಳಿದಳು: "ಬೇಲಿ ಕಟ್ಟಿದ್ದಕ್ಕೆ ಕೂಲಿ ಕೊಡ್ತೀನಿ. ಮನೆಗೆ ಬರಲ್ಲ."

ಕೂಲಿ ಎಂಬ ಮಾತು ಅವನಿಗೆ ಕಪಾಳಕ್ಕೆ ಹೊಡೆದಂತಾಯಿತು. ಗೂಡಿನೊಳಗೆ ನುಗ್ಗಿದ. ನೆಟ್ಟಗೆ ನಿಲ್ಲಲಾಗದೆ ಮೊಣಕಾಲಲ್ಲೇ ಹೋಗಿ ಅವಳ ಜಡೆ ಹಿಡಿದು ಮುಖವನ್ನು ಗೂಟಕ್ಕೆ ಚಚ್ಚಿದ. ಒಂದು ಸಲ, ಮತ್ತೊಂದು ಸಲ. ಹುಬ್ಬು ಸೀಳಿ ರಕ್ತ ಅವಳ ಕಣ್ಣಿಗಿಳಿಯಿತು. ಹೊರಗೆ ಮಣ್ಣು ಸರಿಸುತ್ತಿದ್ದ ಅತ್ತೆಯ ಕೈಯಲ್ಲಿ ಗುದ್ದಲಿ ಇತ್ತು. ಅವಳ ಕಾಲು ನೆಲಕ್ಕೆ ಕಚ್ಚಿಕೊಂಡಿತು. ಕರಕಲು ಅಂಗಿಯ ವಾಸನೆ ಮೂಗಿಗೆ ಬಂದಂತಾಯಿತು.

ಅಷ್ಟರಲ್ಲಿ ದೊರೆ ಎಗರಿದ. ನಿಂತ ಮನುಷ್ಯನಿಗಾದರೆ ಆ ಹುಂಜ ಮೊಣಕಾಲಿಗೂ ಎಟುಕುತ್ತಿರಲಿಲ್ಲ. ಬಗ್ಗಿದವನಿಗೆ ನೇರ ಮುಖಕ್ಕೇ ಬಂತು. ಕಾಲಿನ ಮುಳ್ಳಿನಿಂದ ಕೆನ್ನೆ ಸೀಳಿ ಕಣ್ಣಿಗೆ ಕುಕ್ಕಿತು. ಅವನು ಜಡೆ ಬಿಟ್ಟು ಎರಡೂ ಕೈಯಲ್ಲಿ ಅದನ್ನು ಹಿಡಿದ. ಸೊಸೆ ಅಂಬೆಗಾಲಿಟ್ಟು ಬಾಗಿಲಾಚೆ ಬಂದು ಬಿದ್ದಳು. ಅವನು ಅವಳ ಕಡೆ ನೋಡುತ್ತಲೇ, ಅಂಗಡಿಯ ಅಭ್ಯಾಸದ ಕೈಯಲ್ಲಿ, ಹುಂಜದ ಕತ್ತು ತಿರುಚಿದ. ಲಟಕ್ ಎಂದಿತು. ಅದನ್ನು ಎಸೆದು ಬಾಗಿಲ ಕಡೆ ತಿರುಗಿದ.

ಅತ್ತೆ ಬಾಗಿಲು ತಳ್ಳಿ ಚಿಲಕ ಹಾಕಿದಳು.

ಒಂದು ಗಳಿಗೆ ಅವನಿಗೆ ಏನಾಯಿತೆಂದೇ ತಿಳಿಯಲಿಲ್ಲ. "ಅಮ್ಮಾ, ತೆಗಿ," ಎಂದ ಮೆಲ್ಲಗೆ. ಆಮೇಲೆ ಹೆಗಲು ಕೊಟ್ಟು ಗುದ್ದಿದ. ತಂತಿ ಕಿರುಗುಟ್ಟಿತೇ ಹೊರತು ಸಡಿಲಾಗಲಿಲ್ಲ, ಕಟ್ಟಿದವನು ಅವನೇ. ಒದೆಯಲು ಜಾಗವಿಲ್ಲ, ಕೈ ಬೀಸಲು ಎತ್ತರವಿಲ್ಲ. ಜಾಲರಿಯ ಕಣ್ಣಿನಲ್ಲಿ ಬೆರಳು ತೂರಿಸಿ ಚಿಲಕದ ನಾಲಿಗೆ ತಡಕಿದ. ಬೆರಳು ಎಟುಕಿತು. ಚಿಲಕ ಅಲುಗಿತು.

ಅತ್ತೆ ಗುದ್ದಲಿ ತಿರುಗಿಸಿ ಹಿಡಿದು ಆ ಬೆರಳುಗಳ ಮೇಲೆ ಹೊಡೆದಳು. ಮೂಳೆ ಮುರಿದದ್ದು ಅವಳ ಅಂಗೈಗೇ ಗೊತ್ತಾಯಿತು. ಅವನು ಊಳಿಟ್ಟ. ಹುಟ್ಟಿದಾಗ ಹಿಡಿದು ಎಣಿಸಿದ ಬೆರಳುಗಳು. ಅವು ಮತ್ತೆ ಹೊರಗೆ ಬಂದವು, ಅವಳು ಮತ್ತೆ ಹೊಡೆದಳು.

ನರ್ಸಮ್ಮ ಪೊಲೀಸರಿಗೆ ಫೋನು ಮಾಡಿ, ಸೊಸೆಯ ಹುಬ್ಬಿಗೆ ಬಟ್ಟೆ ಒತ್ತಿ ಹಿಡಿದು ಕೂತರು. ಅತ್ತೆ ಬಾಗಿಲ ಮುಂದೆ ಗುದ್ದಲಿ ಊರಿ ನಿಂತಳು. ಮಗ ಬೈದ, ಅತ್ತ, ನೀನು ತಾಯಿಯಲ್ಲ ಎಂದ. ಕೊನೆಗೆ ಮಾತು ನಿಂತು, ಉಳಿದ ಕೈಯಲ್ಲಿ ಮಣ್ಣು ಕೆರೆಯತೊಡಗಿದ. ಬೇಲಿಯ ಬುಡದಲ್ಲೇ ಕೆರೆದ. ಮಣ್ಣು ಹಾರಿತು, ಉಗುರು ಜಾಲರಿಗೆ ಸಿಕ್ಕಿ ಕಿತ್ತಿತು, ಪಕ್ಕಕ್ಕೆ ಸರಿದು ಮತ್ತೆ ಬುಡದಲ್ಲೇ ಕೆರೆದ. ಅಡಿಗೆ ಸೆರಗು ಹಾಸಿದ್ದು ತಾನೇ ಎಂಬುದೂ ಅವನಿಗೆ ನೆನಪಿರಲಿಲ್ಲ. ಹಿಂದೆ ಸರಿಯೋ ಮಗನೇ ಎಂಬ ಮಾತು ಅತ್ತೆಯ ನಾಲಿಗೆಯ ತುದಿಗೆ ಬಂತು. ಅವಳು ಅದನ್ನು ನುಂಗಿಕೊಂಡಳು.

ಪೊಲೀಸರು ಬಂದಾಗ ಅವನು ಮುಖ ಒರೆಸಿಕೊಂಡು, ಗಂಡ ಹೆಂಡಿರ ಜಗಳ ಸಾರ್, ಅವಳೇ ಬಿದ್ದಳು, ನಮ್ಮಮ್ಮನ್ನೇ ಕೇಳಿ ಎಂದ. ಪೇದೆ ಅತ್ತೆಯ ಕಡೆ ತಿರುಗಿದ.

"ಇವನು ನನ್ನ ಮಗ," ಎಂದಳು ಅತ್ತೆ. "ಅವಳ ಮುಖ ಒಡೆದವನು ಇವನು. ಹಿಂದೆ ಕೈ ಮುರಿದವನೂ ಇವನೇ, ಗಾಳಿಯಲ್ಲ. ಇವನ ಬೆರಳು ಮುರಿದವಳು ನಾನು. ಅದನ್ನೂ ಬರೆದುಕೊಳ್ಳಿ."

ಅವನನ್ನು ಕರೆದೊಯ್ದ ಮೇಲೆ ಸೊಸೆ, ಹುಬ್ಬಿಗೆ ಹೊಲಿಗೆ ಹಾಕಿಸಿಕೊಳ್ಳಲು ಹೊರಡುವ ಮುಂಚೆ, ಗೂಡಿನೊಳಗೆ ಬಗ್ಗಿ ನೋಡಿದಳು. ಎರಡು ಹೇಂಟೆ ಮೂಲೆಗೆ ಅಂಟಿಕೊಂಡಿದ್ದವು. ಕಾವಿಗೆ ಕೂತದ್ದು ಕದಲಿರಲಿಲ್ಲ. ಬೆನ್ನ ಮೇಲೆ ರಕ್ತದ ಹನಿ, ಮಣ್ಣು. ಅಡಿಯಲ್ಲಿ ಬಾತಿನ ಮೊಟ್ಟೆಗಳು ಬೆಚ್ಚಗಿದ್ದವು. ಅವಳು ದೊರೆಯನ್ನು ಎತ್ತಿಕೊಂಡು ಬಂದು ಅತ್ತೆಯ ಎದುರು ನಿಂತಳು.

"ನಿಮ್ಮ ಮಗನ ಹಿಂದೆ ಠಾಣೆಗೆ ಹೋಗ್ತೀರಾ ಅತ್ತೆ?"

ಅತ್ತೆ ಬೀದಿಯ ಕಡೆ ನೋಡಿದಳು. ಆಮೇಲೆ ಉಪಕರಣದ ಡಬ್ಬಿಯ ಹತ್ತಿರ ಕೂತು ಮೊಳೆಗಳನ್ನು ಕೆದಕಿದಳು.

"ನೀನು ಹೊಲಿಗೆ ಹಾಕಿಸಿಕೊಂಡು ಬಾ," ಎಂದಳು. "ಅಷ್ಟರೊಳಗೆ ಒಳಗಡೆ ಒಂದು ಚಿಲಕ ಹೊಡೆದಿರ್ತೀನಿ."