ಡಾಕ್ಟರಮ್ಮನ ಕಾರಿಗೆ ಹೀಟರ್

ಗುರುವಾರ ಬೆಳಿಗ್ಗೆ ಬೆಸುಗೆ ಅಕ್ಕ ಶೆಡ್ಡಿನ ಬಾಗಿಲು ತೆಗೆದಾಗ ಕೆಲಸದ ಮೇಜು ಖಾಲಿಯಿತ್ತು. ಹಿಂದಿನ ಸಂಜೆ ಅದರ ಮೇಲೆ ಅವಳು ಕಾರಿನ ಹೀಟರಿನ ಪುಟ್ಟ ಹಿತ್ತಾಳೆ ರೇಡಿಯೇಟರ್ ಇಟ್ಟು ಹೋಗಿದ್ದಳು. ಎರಡು ಇಟ್ಟಿಗೆ ಜೋಡಿಸಿದರೆ ಎಷ್ಟೋ ಅಷ್ಟು ದೊಡ್ಡದು. ಯಾರೂ ಮುಟ್ಟದಿರಲೆಂದು ಮೇಲೆ ಸೀಮೆಸುಣ್ಣದಲ್ಲಿ ‘ಬೇಡ’ ಎಂದು ದಪ್ಪಗೆ ಬರೆದೂ ಇದ್ದಳು. ಈಗ ಅಲ್ಲಿ ಉಳಿದಿದ್ದು ಒದ್ದೆಯ ಗುರುತೊಂದೇ.

 ಆ ಶೆಡ್ಡಿನ ಇನ್ನೊಂದು ಬೀಗದ ಕೈ ಇದ್ದದ್ದು ಅಣ್ಣನ ಹತ್ತಿರ ಮಾತ್ರ.

ಅಣ್ಣನಿಗೆ ಊರೆಲ್ಲ ಗೇರಣ್ಣ ಎನ್ನುತ್ತಿತ್ತು. ಇಂಜಿನ್ ಕೆಲಸದಲ್ಲಿ ಅವನದು ಎತ್ತಿದ ಕೈ. ರೇಡಿಯೇಟರ್ ರಿಪೇರಿ ತಂಗಿಯ ಪಾಲಿಗೆ ಅಪ್ಪನಿಂದ ಬಂದ ವಿದ್ಯೆ; ಹಾಗಾಗಿ ಊರಿಗೆಲ್ಲ ಅವಳು ಬೆಸುಗೆ ಅಕ್ಕ. ಅಕ್ಕಪಕ್ಕದ ಶೆಡ್ಡು, ಒಂದೇ ಅಂಗಳ. ಆದರೆ ಎರಡು ವರ್ಷದಿಂದ ಇಬ್ಬರ ನಡುವೆ ಮಾತಿಲ್ಲ. ಯಾವುದೋ ಗಿರಾಕಿಯ ಮುಂದೆ ಅಣ್ಣ ನಗುನಗುತ್ತಾ, ತಂಗಿಯ ಬೆಸುಗೆಗೆ ಒಂದು ತಿಂಗಳು ಆಯಸ್ಸು, ಅದೂ ಗಟ್ಟಿ ಜಾತಕವಿದ್ದರೆ, ಎಂದುಬಿಟ್ಟಿದ್ದ. ಗಿರಾಕಿ ನಕ್ಕ. ಅವಳು ನಗಲಿಲ್ಲ. ಅಂದಿನಿಂದ ಕೆಲಸದ ವಿಷಯವೇನಿದ್ದರೂ ಸೀಮೆಸುಣ್ಣದಲ್ಲೇ. ‘ಆಗಿದೆ’, ‘ನಾಳೆ’, ‘ಹೋಸ್ ಬದಲಿಸು’. ಒಂದೆರಡು ಪದದಲ್ಲಿ ಮುಗಿಯುವ ಸಂಸಾರ.

ಕಾಣೆಯಾದ ಹೀಟರ್ ಡಾಕ್ಟರಮ್ಮನ ಕಾರಿನದು. ಎರಡೇ ಸೀಟಿನ, ಉದ್ದ ಮೂತಿಯ ಹಳೆಯ ಸ್ಪೋರ್ಟ್ಸ್ ಕಾರು. ತೀರಿಹೋದ ಗಂಡ ಮುದ್ದಿನಿಂದ ಸಾಕಿದ್ದು. ಅದರ ಇಂಜಿನ್ ಜಾಮ್ ಆಗಿ ಕೆಟ್ಟಾಗ ಮಾರಲು ಅವರಿಗೆ ಮನಸ್ಸು ಬರಲಿಲ್ಲ. ಗೇರಣ್ಣ ಗುಜರಿಗೆ ಬಂದಿದ್ದ ಹೊಸಕಾಲದ ಕಾರೊಂದರ ಇಂಜಿನ್ ತಂದು ಅದರ ಹೊಟ್ಟೆಯೊಳಗೆ ಕೂರಿಸಿದ. ಕಾರು ಕುದುರೆಯ ಹಾಗೆ ಓಡತೊಡಗಿತು. ಆದರೆ ಹೊಸ ಇಂಜಿನ್ನಿನ ಬಿಸಿನೀರಿನ ಪೈಪುಗಳು ಹಳೆಯ ಹೀಟರಿಗೆ ಕೂಡಲಿಲ್ಲ. ಬೇಸಿಗೆ ಬೇರೆ; ಹೀಟರ್ ಯಾರಿಗೆ ಬೇಕು ಎಂದು ಕಿತ್ತು ಮೂಲೆಗೆ ಹಾಕಿದ್ದ.

ಚಳಿ ಬಂದ ಮೇಲೆ ಗೊತ್ತಾಯಿತು ಯಾರಿಗೆ ಬೇಕೆಂದು. ಡಾಕ್ಟರಮ್ಮ ಪ್ರತಿ ಗುರುವಾರ ಬೆಟ್ಟ ದಾಟಿ ಆಚೆ ಊರಿನ ಆಸ್ಪತ್ರೆಗೆ ಹೋಗುವವರು. ಡ್ಯಾಶ್‌ಬೋರ್ಡಿನ ಅಡಿ, ಕಾಲಿನ ಪಕ್ಕ ಕೂರುವ ಹೀಟರಿನ ಬಿಸಿಗಾಳಿ ಕಾಲಿಗಷ್ಟೇ ಅಲ್ಲ, ಮುಂದಿನ ಗಾಜಿಗೂ ಬೇಕು. ಹೋದ ವಾರ ಉಸಿರಿನ ತೇವ ಗಾಜಿಗೆ ಕವಿದು, ತಿರುವಿನಲ್ಲಿ ಎದುರಿನ ಲಾರಿ ಕಂಡದ್ದು ಮೂತಿಗೆ ಬಂದ ಮೇಲೆಯೇ. ಅವರು ಅದನ್ನು ಅಂಗಳದಲ್ಲಿ ನಿಂತು ಹೇಳಿ, ಹೀಟರ್ ಮತ್ತೆ ಹಾಕಿಕೊಡಿ ಎಂದು ಕಾರು ಬಿಟ್ಟು ಹೋಗಿದ್ದರು.

ಹಳೆಯ ಹೀಟರನ್ನು ಬೆಸುಗೆ ಅಕ್ಕ ತೊಟ್ಟಿಯ ನೀರಿನಲ್ಲಿ ಮುಳುಗಿಸಿ, ಗಾಳಿ ತುಂಬಿ ನೋಡಿದ್ದಳು. ಹಳೆಯ ಇಂಜಿನ್ನಿನ ಒತ್ತಡಕ್ಕೆ ಒಂದು ಗುಳ್ಳೆಯೂ ಬರಲಿಲ್ಲ. ಹೊಸ ಇಂಜಿನ್ನಿನ ನೀರು ಓಡುವುದು ಅದರ ಎರಡರಷ್ಟು ಒತ್ತಡದಲ್ಲಿ. ಅಷ್ಟಕ್ಕೆ ಏರಿಸಿದಾಗ ಅಂಚಿನ ಬೆಸುಗೆಯುದ್ದಕ್ಕೂ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಸಾಲಾಗಿ ಎದ್ದವು. ಹೊಸದನ್ನೇ ಮಾಡಬೇಕು, ಎರಡು ದಿನ ಬೇಕು ಎಂದುಕೊಂಡು ‘ಬೇಡ’ ಎಂದು ಬರೆದು ಮನೆಗೆ ಹೋಗಿದ್ದಳು.

ಈಗ ಅವಳು ಎರಡು ವರ್ಷದಲ್ಲಿ ಮೊದಲ ಸಲ ಅಣ್ಣನ ಶೆಡ್ಡಿನ ಹೊಸ್ತಿಲು ದಾಟಿದಳು. ಅವನು ಕೈ ಒರೆಸಿಕೊಳ್ಳುತ್ತಾ ನಿಂತಿದ್ದ. ಕಾರು ಇರಲಿಲ್ಲ.

“ಹೀಟರ್ ಎಲ್ಲಿ?”

“ಹಾಕಿ ಕಳಿಸ್ದೆ. ಏಳು ಗಂಟೆಗೆ ಹೊರಟ್ರು.”

“ಬೇಡ ಅಂತ ಬರ್ದಿದ್ನಲ್ಲ?”

ಅವನು ಮುಖ ಗಂಟಿಕ್ಕಿಕೊಂಡು ತನ್ನ ಸಮರ್ಥನೆ ಒಪ್ಪಿಸಿದ. ಬೆಳಗಿನ ಜಾವವೇ ಬಂದು ತೊಟ್ಟಿಯಲ್ಲಿ ಮುಳುಗಿಸಿ ನೋಡಿದ್ದನಂತೆ, ಗುಳ್ಳೆ ಬರಲಿಲ್ಲವಂತೆ, ಆದರೂ ಇರಲಿ ಎಂದು ಅಂಚಿಗೆ ಅಂಟು ಬಳಿದು, ಕೂಡದ ಪೈಪಿಗೆ ರಬ್ಬರ್ ಹೋಸಿನ ತುಂಡು ಸಿಕ್ಕಿಸಿ ಜೋಡಿಸಿದ್ದನಂತೆ. ಹೀಟರ್ ಇಲ್ಲದೆ ಕಳಿಸಿದರೆ ಗಾಜು ಮಂಜಾಗುವುದು ಖಂಡಿತ. ಇದು ಸೋರಿದರೂ ಸೋರಬಹುದು, ಸೋರದೆಯೂ ಇರಬಹುದು. ಡಾಕ್ಟರಮ್ಮ ಹೋಗಿಯೇ ತೀರುತ್ತೇನೆ ಎಂದಾಗ ತಾನು ಇನ್ನೇನು ಮಾಡಬೇಕಿತ್ತು?

“ಎಷ್ಟು ಒತ್ತಡ ಕೊಟ್ಟು ನೋಡ್ದೆ?”

 ಮೂಲೆಯಲ್ಲಿದ್ದ, ಒತ್ತಡ ತೋರಿಸುವ ಮುಳ್ಳಿಲ್ಲದ ಸೈಕಲ್ ಪಂಪಿನ ಕಡೆ ಅವನ ಕಣ್ಣು ಹೋಯಿತು. ಆಮೇಲೆ ಅವನ ಮುಖದ ಬಣ್ಣವೂ ಹೋಯಿತು.

ಅವಳು ಡಾಕ್ಟರಮ್ಮನಿಗೆ ಫೋನು ಮಾಡಿದಳು. ಎರಡು ಸಲ ರಿಂಗಾಯಿತು, ಮೂರನೆಯ ಸಲಕ್ಕೆ ಸಿಗಲೇ ಇಲ್ಲ. ಅಂದರೆ ಬೆಟ್ಟದ ಬುಡ ದಾಟಿದ್ದಾರೆ; ಅಲ್ಲಿಂದಾಚೆ ಸಿಗ್ನಲ್ ಇಲ್ಲ. ಸಪಾಟು ರಸ್ತೆಯಲ್ಲಿ ಆ ಹೀಟರ್ ಹೇಗೋ ತಡೆದೀತು. ಏರು ಸಿಕ್ಕಿ, ಇಂಜಿನ್ ಕಾದು, ಒತ್ತಡ ಪೂರ್ತಿ ಏರುವುದು ಐದಾರು ತಿರುವು ಕಳೆದ ಮೇಲೆ. ಅವಳು ಬೇರೆ ಮಾತಾಡದೆ ವ್ಯಾನಿನ ಕಡೆ ಓಡಿದಳು. ಗೇರಣ್ಣ ಕರೆಯದೆಯೇ ಬಂದು ಪಕ್ಕದಲ್ಲಿ ಕೂತ.

 ಮೂರನೆಯ ತಿರುವು ದಾಟುವಾಗ ಅವನು ರಸ್ತೆಗೆ ಬೆರಳು ತೋರಿಸಿದ. ಡಾಂಬರಿನ ಮೇಲೆ ಗಿಳಿಹಸಿರು ಹನಿ. ಇಂಜಿನ್ ತಂಪಿಡುವ ಕೂಲೆಂಟಿನ ಬಣ್ಣ. ಹತ್ತು ಮಾರಿಗೆ ಒಂದು ಹನಿ. ಐದನೆಯ ತಿರುವಿಗೆ ಹನಿಗಳು ಒತ್ತೊತ್ತಾದವು. ಏಳನೆಯದರ ಮುಂಚೆ ಹನಿ ಹೋಗಿ ಗೆರೆಯೇ ಆಯಿತು.  ವ್ಯಾನು ಇನ್ನೂ ಜೋರಾಗಿ ಹೋಗಲಾರದು ಎಂದು ಗೊತ್ತಿದ್ದೂ ಬೆಸುಗೆ ಅಕ್ಕ ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿದಳು.

ತಿರುವು ಕಳೆದದ್ದೇ ಕಾರು ಕಂಡಿತು. ರಸ್ತೆಗೆ ಓರೆಯಾಗಿ, ಮೂತಿ ಮೇಲಕ್ಕೆ ಮಾಡಿ ನಿಂತಿತ್ತು. ಗಾಜುಗಳೆಲ್ಲ ಒಳಗಿನಿಂದ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿದ್ದವು. ಕಾರಿನ ಹಿಂದೆ ತಡೆಗೋಡೆ ಎಂದೋ ಮುರಿದು ಬಿದ್ದ ಜಾಗ, ಅದರಾಚೆ ಬರೀ ಗಾಳಿ. ನೋಡುತ್ತಿದ್ದ ಹಾಗೆಯೇ ಕಾರು ಬೆರಳಿನಷ್ಟು ಹಿಂದಕ್ಕೆ ಸರಿದು ನಿಂತಿತು.

ಗೇರಣ್ಣ ವ್ಯಾನು ನಿಲ್ಲುವ ಮೊದಲೇ ಇಳಿದು ಓಡಿದ. ಮುರಿದ ಗೋಡೆಯ ಕಲ್ಲೊಂದನ್ನು ಅಪ್ಪಿ ಎತ್ತಿಕೊಂಡು, ಪ್ರಪಾತಕ್ಕೂ ಕಾರಿಗೂ ನಡುವೆ ನುಸುಳಿ, ಹಿಂದಿನ ಚಕ್ರದ ಕೆಳಗೆ ತುರುಕಿದ. ಇನ್ನೊಂದು ಕಲ್ಲಿಗೆ ಬಗ್ಗಿದಾಗ ಕಾರು ಮತ್ತೆ ಸರಿಯಿತು. ಅವನು ಬೆನ್ನನ್ನೇ ಕಾರಿನ ಡಿಕ್ಕಿಗೆ ಕೊಟ್ಟು ನಿಂತ. ಹಿಮ್ಮಡಿಯ ಹತ್ತಿರದಿಂದ ಜಲ್ಲಿ ಜಾರಿ ಕೆಳಗೆ ಬಿತ್ತು. ತಳ ಮುಟ್ಟಿದ ಸದ್ದು ಕೇಳಿಸಲಿಲ್ಲ.

ಬೆಸುಗೆ ಅಕ್ಕ ಅರ್ಧ ಇಳಿಸಿದ್ದ ಕಿಟಕಿಯಿಂದ ಒಳಗೆ ಇಣುಕಿದಳು. ಬಿಸಿ ಹಬೆ, ಸಿಹಿಸಿಹಿ ನಾತ. ಡಾಕ್ಟರಮ್ಮ ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು ಬಿಗಿಯಾಗಿ ಕೂತಿದ್ದರು. ಬಲಗಾಲು ಬ್ರೇಕನ್ನು ನೆಲಕ್ಕೆ ಒತ್ತಿತ್ತು.

“ಹ್ಯಾಂಡ್‌ಬ್ರೇಕ್ ಹಿಡೀತಿಲ್ಲ,” ಎಂದರು, ರೋಗಿಯ ಸ್ಥಿತಿ ಹೇಳುವ ದನಿಯಲ್ಲಿ. “ಇಂಜಿನ್ ಆಫ್ ಮಾಡಿ ಗೇರಿಗೆ ಹಾಕೋಣ ಅಂದ್ರೆ ಕ್ಲಚ್ ಒತ್ತಕ್ಕಾಗ್ತಿಲ್ಲ. ಹೀಟರಿನ ಬಿಸಿನೀರು ಚೆಲ್ಲಿ ಎಡಗಾಲು ಸುಟ್ಟಿದೆ. ಬ್ರೇಕಿಂದ ಕಾಲು ಎತ್ತಿದ್ರೆ ಹೋಗುತ್ತೆ.”

“ಎತ್ತಬೇಡಿ. ಇನ್ನೊಂದೇ ನಿಮಿಷ.”

ಅವಳು ಬಾಗಿಲು ತೆಗೆದು ಒದ್ದೆ ನೆಲದ ಮೇಲೆ ಮಂಡಿಯೂರಿದಳು. ಪ್ಯಾಂಟಿನ ಮೂಲಕವೂ ಬಿಸಿ ಚುರುಕ್ಕೆಂದಿತು. ಅಂಗೈಯಿಂದ ಕ್ಲಚ್ಚನ್ನು ಒತ್ತಿ ಹಿಡಿದು, ಮೊದಲನೆಯ ಗೇರಿಗೆ ಹಾಕಿ ಎಂದಳು. ಡಾಕ್ಟರಮ್ಮ ಹಾಕಿದರು. ಕ್ಲಚ್ ಬಿಟ್ಟಳು. ಹಿಂದಿನಿಂದ ಅಣ್ಣ ಎರಡನೆಯ ಕಲ್ಲೂ ಕೂತಿತೆಂದು ಕೂಗಿದ. ಬ್ರೇಕಿನಿಂದ ಕಾಲು ನಿಧಾನವಾಗಿ ಮೇಲೆದ್ದಿತು. ಕಾರು ಒಮ್ಮೆ ನರಳಿ, ಕಲ್ಲಿಗೆ ಒರಗಿ ನಿಂತಿತು.

ಇಬ್ಬರೂ ಸೇರಿ ಅವರನ್ನು ಎತ್ತಿ ವ್ಯಾನಿನ ಮೆಟ್ಟಿಲ ಮೇಲೆ ಕೂರಿಸಿದರು. ರೇಡಿಯೇಟರ್ ಕೆಲಸದವರ ವ್ಯಾನಿನಲ್ಲಿ ನೀರಿಗೆ ಬರವಿಲ್ಲ. ತಮ್ಮ ಕಾಲಿಗೆ ತಾವೇ ಚಿಕಿತ್ಸೆ ಹೇಳಿದರು ಡಾಕ್ಟರಮ್ಮ: ಕಾಲುಚೀಲ ಎಳೆಯಬೇಡಿ, ಕತ್ತರಿಸಿ, ಇಪ್ಪತ್ತು ನಿಮಿಷ ನೀರು ಸುರಿಯುತ್ತಲೇ ಇರಿ. ಬೆಸುಗೆ ಅಕ್ಕ ಸುರಿದಳು. ಗೇರಣ್ಣ ಮೇಲಿಂದ ಬರುತ್ತಿದ್ದ ಲಾರಿಗಳಿಗೆ ಕೈ ಬೀಸಿ ನಿಲ್ಲಿಸಿ, ದಾರಿ ಮಾಡಿಕೊಟ್ಟು, ಕೊನೆಗೆ ಅವರ ಮುಂದೆ ಬಂದು ನಿಂತ. ಯಾರೂ ಕೇಳಿರಲಿಲ್ಲ.

“ತಪ್ಪು ನಂದು ಡಾಕ್ಟ್ರೇ. ತಂಗಿ ಬೇಡ ಅಂದಿದ್ಲು. ನಾನು ಅದನ್ನ ಒರೆಸಿ ಹಾಕ್ದೆ.”

ಬೆಸುಗೆ ಅಕ್ಕ ಕ್ಯಾನು ಎತ್ತಿ ಹಿಡಿದೇ ಇದ್ದಳು. ಅಣ್ಣ ಒಬ್ಬನೇ ಹೊರಲಿ ಎಂದು ಸುಮ್ಮನಿರಬಹುದಿತ್ತು. ಎರಡು ವರ್ಷದಿಂದ ಅವಳು ಕಾದಿದ್ದ ಗಳಿಗೆಯೇ ಅದು. ಆದರೆ ಆ ಕೆಂಪಾದ ಪಾದ ನೋಡುತ್ತಾ ಸುಮ್ಮನಿರಲಾಗಲಿಲ್ಲ.

“ಯಾಕೆ ಬೇಡ ಅಂತ ನಾನು ಹೇಳ್ಲಿಲ್ಲ,” ಎಂದಳು. “ಪಕ್ಕದ ಶೆಡ್ಡಿಗೆ ಹೋಗಿ ಒಂದು ಮಾತು ಹೇಳಿದ್ರೆ ಸಾಕಿತ್ತು. ನಿಮಗೂ ಫೋನ್ ಮಾಡ್ಲಿಲ್ಲ.”

ಡಾಕ್ಟರಮ್ಮ ಅಣ್ಣನನ್ನೂ ತಂಗಿಯನ್ನೂ ಒಮ್ಮೆ ನೋಡಿದರು. ಕೋಪವಿತ್ತು, ಅದನ್ನು ಮುಚ್ಚಿಡಲಿಲ್ಲ. ನಾನು ಸತ್ತಿದ್ದರೆ ಈ ಮಾತು ಯಾರ ಹತ್ತಿರ ಹೇಳುತ್ತಿದ್ದಿರಿ ಎಂದು ಕೇಳಿದರು.  ಆಮೇಲೆ ಗಡಿಯಾರ ನೋಡಿಕೊಂಡು, ಆಚೆ ಊರಿನಲ್ಲಿ ಜನ ಕಾಯುತ್ತಿದ್ದಾರೆ, ನನ್ನನ್ನು ವ್ಯಾನಿನಲ್ಲೇ ಅಲ್ಲಿಗೆ ಬಿಡು ಎಂದು ತಂಗಿಗೆ ಹೇಳಿದರು. ಅಂದು ಅವರು ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡೇ ಮಧ್ಯಾಹ್ನದವರೆಗೆ ರೋಗಿಗಳನ್ನು ನೋಡಿದರು. ವ್ಯಾನು ಮರಳಿ ಬಂದು ಕಾರನ್ನು ಎಳೆಯುವವರೆಗೆ ಗೇರಣ್ಣ ಆ ತಿರುವಿನಲ್ಲಿ ಒಬ್ಬನೇ ನಾಲ್ಕು ಗಂಟೆ ಹೊತ್ತು ನಿಂತಿದ್ದ.

ಹೊಸ ಹೀಟರ್ ಮುಗಿಯಲು ಎರಡಲ್ಲ, ಆರು ದಿನ ಹಿಡಿಯಿತು. ಬೆಸುಗೆ ಅವಳದು, ಪೈಪಿನ ಅಳತೆ, ಹೋಸಿನ ದಾರಿ, ಹೊಸ ಹ್ಯಾಂಡ್‌ಬ್ರೇಕ್ ತಂತಿ ಅವನದು. ಹೋಸು ಎಲ್ಲಿ ಬಾಗಬೇಕು ಎಂಬುದಕ್ಕೆ ಇಬ್ಬರೂ ಅಂಗಳಕ್ಕೆಲ್ಲ ಕೇಳುವಂತೆ ಜಗಳವಾಡಿದರು. ಗೋಡೆಯಾಚೆಯ ಟೈರ್ ಅಂಗಡಿಯವನು ಇಣುಕಿ ನೋಡಿ, ಪರವಾಗಿಲ್ಲ, ಮಾತು ಶುರುವಾಗಿದೆ ಎಂದು ಹೋದ.

ತೊಟ್ಟಿಯಲ್ಲಿ ಮುಳುಗಿಸಿದಾಗ ಗಾಳಿಯನ್ನು ಅವಳೇ ಏರಿಸಿದಳು. ಬೇಕಾದಷ್ಟಾಯಿತು. ಇನ್ನೂ ಅರ್ಧ ಏರಿಸು ಎಂದ ಅಣ್ಣ. ಏರಿಸಿದಳು. ಅವನು ಮೂಗು ನೀರಿಗೆ ತಾಗುವಷ್ಟು ಬಗ್ಗಿ, ಕಾಲು ಗಂಟೆ ಕಣ್ಣು ಮಿಟುಕಿಸದೆ ನೋಡಿದ. ಒಂದು ಗುಳ್ಳೆಯೂ ಏಳಲಿಲ್ಲ.

ಡಾಕ್ಟರಮ್ಮನಿಗೆ ಕೊಡುವ ಮೊದಲು ಇಬ್ಬರೂ ಆ ಕಾರಿನಲ್ಲಿ ಬೆಟ್ಟ ಹತ್ತಿ ಇಳಿದು ಬಂದರು. ಏರಿನಲ್ಲಿ ಪ್ರತಿ ತಿರುವಿಗೂ ಅವನು ಕಾರು ನಿಧಾನಿಸುತ್ತಿದ್ದ, ಅವಳು ಬಗ್ಗಿ ಡ್ಯಾಶ್‌ಬೋರ್ಡಿನ ಅಡಿ ಕೈಯಾಡಿಸಿ ಒಣಗಿದೆ ಎನ್ನುತ್ತಿದ್ದಳು. ತುದಿ ಮುಟ್ಟಿದಾಗ ಹೊರಗೆ ಕೊರೆಯುವ ಚಳಿ, ಒಳಗೆ ಕಾಲು ಬೆಚ್ಚಗೆ, ಗಾಜು ನಿಚ್ಚಳ.

“ಅವತ್ತು ಆ ಗಿರಾಕಿ ಮುಂದೆ ನಾನು ಹಾಗನ್ನಬಾರದಿತ್ತು,” ಎಂದ ಗೇರಣ್ಣ, ರಸ್ತೆಯಿಂದ ಕಣ್ಣು ತೆಗೆಯದೆ.

ಅವಳು ಹೀಟರಿನ ಗಾಳಿಯನ್ನು ಅವನ ಕಾಲಿನ ಕಡೆ ತಿರುಗಿಸಿದಳು. ಆಮೇಲೆ, ಇಳಿಜಾರು ಶುರುವಾಯಿತು, ಗೇರು ಬದಲಿಸು ಎಂದಳು.