ಗಾಜಿನ ಊರಿಗೆ ಬಿದ್ದ ಹೂಮಳೆ

ಒಂದು ಊರಿತ್ತು. ಅದರ ನಾಲ್ಕು ಗೋಡೆಯೂ ಗಾಜಿನದು, ಊರ ತುಂಬ ಕಡಲ ನೀರು. ಗೋಡೆಯಾಚೆ ಯಾರದೋ ಮನೆಯ ಹಜಾರ. ಅಲ್ಲೊಂದು ಸೋಫಾ, ಮೇಲೆ ತಿರುಗುವ ಫ್ಯಾನು. ಊರಿನವರು ಆ ಹಜಾರವನ್ನೇ ಪರಲೋಕವೆಂದು ನಂಬಿ, ಸಂಜೆಗೊಮ್ಮೆ ಫ್ಯಾನಿಗೆ ತಲೆಬಾಗುತ್ತಿದ್ದರು. ಕೇಳಿದ್ದು ಸಿಗದಿದ್ದರೆ ಫ್ಯಾನಿಗೆ ಸಿಟ್ಟು ಬಂದಿದೆ ಎನ್ನುತ್ತಿದ್ದರು.

ಊರನ್ನು ಕಟ್ಟಿದವರು ಹವಳಗಳು. ಹವಳ ನೋಡುವುದಕ್ಕೆ ಗಿಡ, ಹುಟ್ಟಿನಿಂದ ಪ್ರಾಣಿ, ಕಸುಬಿನಿಂದ ಗಾರೆಯವನು. ನೀರಿನಲ್ಲಿ ಕರಗಿರುವ ಕ್ಷಾರವನ್ನೂ ಸುಣ್ಣವನ್ನೂ ಹೀರಿ ಕಲ್ಲು ಬೆಳೆಸುವುದು ಅದರ ಕೆಲಸ. ಆ ಕಲ್ಲಿನ ಸಂದಿಗಳಲ್ಲೇ ಉಳಿದವರ ಸಂಸಾರ. ಕ್ಷಾರ ತೀರಿಹೋಗಬಾರದೆಂದು ಮೇಲಿನಿಂದ ಸಣ್ಣದೊಂದು ಕೊಳವೆ ಇಳಿಬಿದ್ದು ಹನಿ ಹನಿಯಾಗಿ ತೊಟ್ಟಿಕ್ಕುತ್ತಿತ್ತು. ಹನಿಯನ್ನು ಹೆಚ್ಚುಕಡಿಮೆ ಮಾಡಲು ಒಂದು ತಿರುಪು. ಆ ತಿರುಪಿನ ಯಜಮಾನಿಕೆ ದೇವೀರಮ್ಮ ಎಂಬ ಏಡಿಯದು.

ದೇವೀರಮ್ಮ ಉಗುರಿನಷ್ಟು ಗಾತ್ರದವಳು. ನಾಲಗೆ ಮಾತ್ರ ಊರಗಲ. ಕೊಳವೆಯ ಬಾಯಿಗೆ ನೇರ ಕೆಳಗೆ ಕೊಂಬಜ್ಜಿ ಎಂಬ ಮುದಿ ಹವಳ ತೋಳು ಚಾಚಿ ನಿಂತಿತ್ತು. ಅದರ ತೋಳುಗಳ ನಡುವೆ ಅವಳ ವಾಸ. ಅವಳು ಮರಿಯಾಗಿದ್ದಾಗ ಹಸಿದ ಮೀನೊಂದು ಅಟ್ಟಿಸಿಕೊಂಡು ಬಂದಿತ್ತು. ಆಗ ಸಂದಿಯೊಳಗೆ ಬಚ್ಚಿಟ್ಟುಕೊಂಡು ಕಾಪಾಡಿದವಳು ಕೊಂಬಜ್ಜಿಯೇ. ಬೇರೆ ಮನೆ ದೇವೀರಮ್ಮನಿಗೆ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಒಂದು ಬೆಳಿಗ್ಗೆ ಅವಳು ರೂಢಿಯಂತೆ ನೀರಿನ ರುಚಿ ನೋಡಿದಳು. ಸಪ್ಪೆ! ನಿನ್ನೆಯವರೆಗೂ ಸರಿಯಾಗಿದ್ದ ಕ್ಷಾರ ದಿಢೀರನೆ ಇಳಿದುಹೋಗಿತ್ತು. ಒಂದು ಗುಟುಕನ್ನು ನಂಬಿ ಊರು ಕೂಗುವವಳಲ್ಲ ಅವಳು. ತಿಂದ ಪಾಚಿಯ ದೋಷವೂ ಇರಬಹುದೆಂದು ಬಾಯಿ ಮುಕ್ಕಳಿಸಿ, ಇನ್ನೊಂದು ಮೂಲೆಗೆ ಹೋಗಿ ಮತ್ತೆ ನೋಡಿದಳು. ಅಲ್ಲೂ ಸಪ್ಪೆಯೇ. ಕೊಳವೆ ಹತ್ತಿ ನೋಡಿದರೆ, ಬಸವನಹುಳುವೊಂದು ಅದರ ಬಾಯಿಗೆ ಅಂಟಿಕೊಂಡು ಗೊರಕೆ ಹೊಡೆಯುತ್ತಿತ್ತು.

“ಏಳೋ, ಇದೇನು ನಿನ್ನ ಅತ್ತೆ ಮನೆ ಜಗಲೀನಾ?” ಎಂದು ಕೊಂಡಿಯಿಂದ ಚಿವುಟಿದಳು.

“ತಂಪಾಗಿತ್ತು ಕಣಕ್ಕಾ,” ಎಂದು ಅದು ಜಾರಿಕೊಂಡು ಹೋಯಿತು.

ಹನಿ ಮತ್ತೆ ಶುರುವಾಯಿತು. ಕೊಂಬಜ್ಜಿ ಮಾತ್ರ ಬಾಡಿದ್ದಳು. “ಕಟ್ಟೋಕೆ ಸಾಮಾನೇ ಇಲ್ಲ ಕಣೇ, ಕೈ ಓಡ್ತಿಲ್ಲ,” ಎಂದಳು.

ಸುದ್ದಿ ಹಬ್ಬಿ ಊರು ಸೇರಿತು. ಎಲ್ಲರಿಗಿಂತ ಮುಂದೆ ಬಂದವನು ಪಟ್ಟೆಮೀನು ಚೆಲುವಯ್ಯ. ದಿನವಿಡೀ ಊರು ಸುತ್ತುವ ಅವನಿಗೆ ಮನೆಯಿರಲಿಲ್ಲ. ಮಾತಿನಲ್ಲಿ ಮಾತ್ರ ಮಹಡಿ ಕಟ್ಟುತ್ತಿದ್ದ.

“ನಮ್ಮ ಹವಳಗಳ ಬಾಯಿಗೆ ಮಣ್ಣು ಬಿತ್ತಲ್ಲ! ಕಳಕೊಂಡದ್ದನ್ನೆಲ್ಲ ಇವತ್ತೇ, ಈಗಲೇ ಸುರೀಬೇಕು,” ಎಂದ. ಊರು ಬಾಲ ಬಡಿಯಿತು.

“ಲಂಘನ ಮಾಡಿದವರಿಗೆ ಮೊದಲು ಗಂಜಿ ಕೊಡ್ತಾರಪ್ಪಾ, ಹೋಳಿಗೆ ಊಟ ಹಾಕಲ್ಲ,” ಎಂದಳು ದೇವೀರಮ್ಮ. “ಹವಳ ಕೊರತೆ ತಡ್ಕೊಳ್ಳುತ್ತೆ. ದಿಢೀರ್ ಏರಿಳಿತ ತಡ್ಕೊಳ್ಳಲ್ಲ.”

“ಅಂದ್ರೆ ಹಸ್ಕೊಂಡೇ ಇರಲಿ ಅಂತೀರಾ?”

“ನಿಧಾನಕ್ಕೆ ಉಣ್ಣಲಿ ಅಂತೀನಿ.”

ನಿಧಾನಕ್ಕೆ ಯಾರು ಬಾಲ ಬಡಿಯುತ್ತಾರೆ? ಸಭೆ ಗೊಣಗುತ್ತ ಚದುರಿತು. ತಿರುಪು ಇನ್ನೂ ಅವಳ ಕೈಯಲ್ಲೇ ಇತ್ತಾದ್ದರಿಂದ ಅವಳಿಗೆ ಸರಿಕಂಡದ್ದೇ ನಡೆಯಿತು. ರೂಢಿಯ ಹನಿಗಿಂತ ಒಂದು ಎಳೆ ಹೆಚ್ಚು ಬಿಟ್ಟಳು. ಮರುದಿನ ರುಚಿ ನೋಡಿ ಮತ್ತೊಂದು ಎಳೆ. ಒಮ್ಮೆ ತುಸು ಖಾರವೆನಿಸಿದಾಗ ಹಿಂದಕ್ಕೆ ತಿರುಗಿಸಿ ಸುಮ್ಮನೆ ಕೂತಳು. ಅವಳಿಗೆ ಭಯವಿರಲಿಲ್ಲವೆಂದಲ್ಲ. ಆದರೆ ಭಯವಾದಾಗ ತಿರುಪು ಮುಟ್ಟಬಾರದು ಎಂಬುದು ಅವಳ ನೇಮ. ಅಂಥ ಹೊತ್ತಿನಲ್ಲಿ ಅಜ್ಜಿಯ ಮೊಣಕೈ ಸಂದಿಯ ಕಸ ಗುಡಿಸುತ್ತಿದ್ದಳು. ಆ ಸಂದಿಗಳು ಅಷ್ಟು ಚೊಕ್ಕಟವಾಗಿದ್ದದ್ದು ಹಿಂದೆಂದೂ ಇಲ್ಲ.

ಕ್ರಮೇಣ ನೀರು ತನ್ನ ಹದಕ್ಕೆ ಬಂತು. ಹವಳಗಳು ಕಲ್ಲು ಕಟ್ಟತೊಡಗಿದವು. ಯಾರೂ ಸಾಯಲಿಲ್ಲ.

ದೇವೀರಮ್ಮ ಮಾಡಿದ ತಪ್ಪು ಇದೇ. ಒಬ್ಬರಾದರೂ ಸತ್ತಿದ್ದರೆ ಉಳಿದವರು ಅವಳ ಕಾಲಿಗೆ ಬೀಳುತ್ತಿದ್ದರು. ಈಗ ಚೆಲುವಯ್ಯ ಊರ ನಡುವೆ ನಿಂತು ಕೇಳಿದ: “ಅಪಾಯ ಇದ್ದಿದ್ದೇ ನಿಜವಾದರೆ ಹೆಣ ಎಲ್ಲಿ ಸ್ವಾಮಿ? ಇಲ್ಲದ ಗುಮ್ಮನ್ನ ತೋರಿಸಿ ನಮ್ಮ ಹವಳಗಳನ್ನ ಅರೆಹೊಟ್ಟೇಲಿ ಇಟ್ಟರಲ್ಲ, ಇದು ನ್ಯಾಯವಾ?” ಈ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟ. ಬಾರದ ಸಾವನ್ನು ಯಾರೂ ಹೊತ್ತು ತಂದು ತೋರಿಸಲಾರರು.

ತಿರುಪು ಯಾರ ಕೈಯಲ್ಲಿರಬೇಕೆಂದು ಊರನ್ನು ಕೇಳಲಾಯಿತು. ಸೀಗಡಿಗಳು ಚೆಲುವಯ್ಯನ ಕಡೆ, ಬಸವನಹುಳುಗಳೂ ಅವನ ಕಡೆ. ಕೊನೆಗೆ ಕೊಂಬಜ್ಜಿಯೂ ಅವನ ಕಡೆಗೇ ಒಂದು ತೋಳೆತ್ತಿದಳು.

“ಅಜ್ಜೀ, ನೀನೂನಾ?” ಎಂದಳು ದೇವೀರಮ್ಮ.

“ಬೇಜಾರು ಮಾಡ್ಕೋಬೇಡ ಕಣೇ. ನೀನು ನನ್ನ ಬದುಕಿಸಿದ್ದೀಯ, ಇಲ್ಲ ಅನ್ನಲ್ಲ. ಆದರೆ ಒಂದು ಸಲವಾದ್ರೂ ಹೊಟ್ಟೆ ತುಂಬಾ ಉಣ್ಣಬೇಕು ಅಂತ ನನಗೂ ಆಸೆ ಇರಲ್ವಾ?”

ದೇವೀರಮ್ಮ ತಿರುಪು ಬಿಟ್ಟುಕೊಟ್ಟಳು.

ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ. ಚೆಲುವಯ್ಯನನ್ನು ಹಾಗೆ ಬೈಯುವುದು ಸರಿಯಲ್ಲ. ಅವನು ಕೊಟ್ಟ ಮಾತು ಉಳಿಸಿಕೊಳ್ಳುವವನು, ಅಷ್ಟೆ. ಅಧಿಕಾರ ವಹಿಸಿದ ದಿನವೇ ತಿರುಪನ್ನು ಕೊನೆಯವರೆಗೂ ತಿರುಗಿಸಿಬಿಟ್ಟ. ಹನಿ ಧಾರೆಯಾಯಿತು. ಮಿತಿಮೀರಿದ ಕ್ಷಾರ ನೀರಿನೊಳಗಿದ್ದ ಸುಣ್ಣವನ್ನು ಸಿಕ್ಕಲ್ಲೇ ಹಿಡಿದು ಹೆಪ್ಪುಗಟ್ಟಿಸಿತು. ಹವಳದ ಬಾಯಿಗೆ ಸೇರಬೇಕಾಗಿದ್ದ ಅವೆರಡೂ ಬಿಳಿಯ ಚೂರುಗಳಾಗಿ ಊರ ಮೇಲೆಲ್ಲ ಉದುರತೊಡಗಿದವು.

“ಹೂಮಳೆ! ಫ್ಯಾನು ಮೆಚ್ಚಿ ಹೂಮಳೆ ಸುರಿಸ್ತಿದೆ!” ಎಂದು ಊರು ಕುಣಿಯಿತು.

ನೀರಿನ ರುಚಿ ನೋಡಿದ ದೇವೀರಮ್ಮನ ನಾಲಗೆ ಸುಟ್ಟಿತು. ಕೊಳವೆಯತ್ತ ಓಡಿದಳು. ಅಲ್ಲಿ ಕಾವಲಿದ್ದ ಸೀಗಡಿ, “ಚೆಲುವಯ್ಯನವರ ಸನ್ಮಾನ ನಡೀತಿದೆ, ಆಮೇಲೆ ಬನ್ನಿ ದೇವೀರಮ್ಮ,” ಎಂದು ಮೀಸೆ ಅಡ್ಡ ಹಿಡಿಯಿತು. ತಳ್ಳಿದಳು, ಬೇಡಿಕೊಂಡಳು. ಆಗದೆ ಮನೆಗೆ ಓಡಿಬಂದಳು. ಕೊಂಬಜ್ಜಿಯ ಚರ್ಮ ಬುಡದಿಂದ ನೆನೆದ ಕಾಗದದ ಹಾಗೆ ಸುಲಿಯುತ್ತಿತ್ತು. ಒಳಗಿನ ಬಿಳಿ ಎಲುಬು ಕಾಣುತ್ತಿತ್ತು. ದೇವೀರಮ್ಮ ಎಂಟೂ ಕಾಲುಗಳಿಂದ ಅವಳನ್ನು ತಬ್ಬಿಕೊಂಡು, ಸುಲಿಯುವ ಚರ್ಮವನ್ನು ಒತ್ತಿ ಹಿಡಿಯಲು ನೋಡಿದಳು. ಒಂದು ಕಡೆ ಹಿಡಿದರೆ ಇನ್ನೊಂದು ಕಡೆ ಜಾರುತ್ತಿತ್ತು.

“ಅಜ್ಜೀ, ಏನಾದ್ರೂ ಮಾತಾಡೇ!”

“ಹೊಟ್ಟೆ ತುಂಬಿತು ಕಣೇ,” ಎಂದಳು ಅಜ್ಜಿ. ಮತ್ತೆಂದೂ ಮಾತಾಡಲಿಲ್ಲ.

ಹೂಮಳೆ ನಿಂತು ನೀರು ತಿಳಿಯಾದಾಗ ಊರಿನವರ ಕಣ್ಣಿಗೆ ಬಿದ್ದದ್ದು ತುದಿಯಿಂದ ಬುಡದವರೆಗೆ ಅಚ್ಚ ಬಿಳುಪಾಗಿ ಹೊಳೆಯುತ್ತಿದ್ದ ಕೊಂಬಜ್ಜಿ. ಹವಳ ಬೆಳೆಯುವಾಗ ಅದರ ಕುಡಿ ಬಿಳಿಯಾಗಿರುತ್ತದೆ. ಬಿಳುಪು ಕಂಡರೆ ಬೆಳವಣಿಗೆ ಎಂದು ಆ ಊರಿನ ಮಕ್ಕಳಿಗೂ ಗೊತ್ತು. ಈಗ ಕುಡಿಯಷ್ಟೇ ಅಲ್ಲ, ಮೈಯೆಲ್ಲ ಬಿಳಿ!

“ಅಜ್ಜಿ ಅಡಿಯಿಂದ ಮುಡಿವರೆಗೂ ಚಿಗುರಿದ್ದಾಳೆ!” ಎಂದು ಯಾರೋ ಕೂಗಿದರು. ಊರು ಚೆಲುವಯ್ಯನನ್ನು ಹೊತ್ತು ಮೆರೆಸಿತು.

ದೇವೀರಮ್ಮ ಆ ಬಿಳಿ ತೋಳುಗಳ ನಡುವೆ ಕೂತು ಅಳುತ್ತಿದ್ದಳು. ಸೀಗಡಿಗೆ ಕರುಣೆ ಬಂತು. ಅದು ಹತ್ತಿರ ಬಂದು ಸಮಾಧಾನ ಹೇಳಿತು: “ಸೋತೆ ಅಂತ ಅಳಬಾರದು ದೇವೀರಮ್ಮ. ನೀವೇ ಹೇಳಿ, ಇಷ್ಟು ಬೆಳ್ಳಗೆ ಮಾಡೋದು ನಿಮ್ಮ ಕೈಲಿ ಆಗ್ತಿತ್ತಾ?”

“ಇಲ್ಲಪ್ಪ,” ಎಂದಳು ಅವಳು. “ನನ್ನ ಕೈಲಿ ಆಗ್ತಿರಲಿಲ್ಲ.”

ಸೋತವಳು ತಾನೇ ಒಪ್ಪಿಕೊಂಡಳೆಂದು ಸೀಗಡಿ ಊರಿಗೆಲ್ಲ ಸಾರಿತು. ಆಚೆ ಮೂಲೆಯಲ್ಲಿ ಇನ್ನೂ ಕಂದು ಬಣ್ಣಕ್ಕಿದ್ದ ಎಳೆಯ ಹವಳಗಳಿಗೆ ಇದನ್ನು ಕೇಳಿ ತಡೆಯಲಾಗಲಿಲ್ಲ. “ಅಜ್ಜಿಗೊಬ್ಬಳಿಗೇ ಯಾಕೆ? ಕೊಳವೆ ಈ ಕಡೆಗೂ ತಿರುಗಿಸಿ!” ಎಂದು ಒಟ್ಟಿಗೆ ಕೂಗಿದವು. ಚೆಲುವಯ್ಯ ಯಾರ ಮನಸ್ಸನ್ನೂ ನೋಯಿಸುವವನಲ್ಲ. ಹೆಗಲ ಮೇಲಿಂದ ಇಳಿದು ಕೊಳವೆಯ ಕಡೆಗೆ ಈಜಿದ.