ಪ್ಲಾಟಿನಂ ಅಂಗಳದ ತಾಯಿ

"ಒಂದೂರಾಗ ಒಬ್ಬಾಕಿ ತಾಯಿ ಇದ್ದಳು, ದಾದಿಮಾ. ಅಮೋನಿಯಾ ಮನೆತನದಾಕಿ, ಹೆಸರು ನೈಟ್ರೋಜನ್. ಆಕಿಗಿ ಮೂರು ಮಂದಿ ಹೆಣ್ಮಕ್ಕಳು, ಮೂವರೂ ಹೈಡ್ರೋಜನ್."

"ಹ್ಞೂಂ," ಎಂದಳು ಮದೀನಾಬಿ.

ಲಕ್ವಾ ಹೊಡೆದ ಮೇಲೆ ಆಕೆಯ ಬಾಯಲ್ಲಿ ಉಳಿದದ್ದು ಅದೊಂದೇ ಶಬ್ದ. ಮೊದಲು ಕಥೆ ಹೇಳುವವಳು ಆಕೆ. ಹ್ಞೂಂಗುಟ್ಟುವುದು ಮೊಮ್ಮಗಳು ಕೈನಾತಳ ಕೆಲಸ. ಹ್ಞೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು. ಕೊನೆತನಕ ಹ್ಞೂಂಗುಟ್ಟಿದವಳಿಗೆ ಒಂದು ಚೂರು ಬೆಲ್ಲ.

ಸಂಶೋಧನೆಗೆಂದು ಕಲಬುರಗಿಗೆ ಹೊರಟ ದಿನ, "ಅಲ್ಲಿ ಏನ್ ಮಾಡ್ತಿ ಅಂಬೋದು ಒಂದ್ ಕಥಿ ಮಾಡಿ ಹೇಳ್ ಬೇಟಾ," ಎಂದು ಮದೀನಾಬಿ ಅವಳಿಂದ ಮಾತು ತೆಗೆದುಕೊಂಡಿದ್ದಳು. ಮೂರು ವರ್ಷ ಕಥೆ ಕೂಡಿ ಬರಲಿಲ್ಲ. ಅಮೋನಿಯಾದಿಂದ ಕರೆಂಟು ತೆಗೆಯುವ ಪ್ಲಾಟಿನಂ ತಗಡಿನ ಮುಂದೆ ಕೈನಾತ ಒಬ್ಬಳೇ ಕುಳಿತು, ಪರದೆಯ ಮೇಲಿನ ಕರೆಂಟಿನ ಗೆರೆ ಏರಿ, ಸೋತು, ಇಳಿಯುವುದನ್ನು ನೋಡುತ್ತಿದ್ದಳು. ಎಷ್ಟೋ ದಿನ ಸಂಜೆತನಕ ಯಾರೊಂದಿಗೂ ಮಾತೇ ಇರುತ್ತಿರಲಿಲ್ಲ. ಗೆರೆ ಯಾಕೆ ಇಳಿಯುತ್ತದೆ ಎಂಬುದು ಮೊನ್ನೆ ಹೊಳೆದಾಗಲೂ ಹೇಳಿಕೊಳ್ಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಇಂದು ಬೆಳಿಗ್ಗೆ ಆಳಂದದ ಬಸ್ಸು ಹಿಡಿದು ತನ್ನೂರು ಮಾದನಹಿಪ್ಪರಗಾಕ್ಕೆ ಬಂದಿದ್ದಳು.

"ನಿನ್ ಮದಿವಿ ಕಥಿ ಹೇಳಬೇ, ಲಗೂನ ಹ್ಞೂಂ ಅಂತಾರ," ಎಂದು ಒಲೆಯ ಬಳಿಯಿಂದ ತಾಯಿ ಜಸ್ಮೀನ ಛೇಡಿಸಿದಳು.

ಕೈನಾತ ಕಥೆ ಬಿಡಲಿಲ್ಲ. ತಾಯಿ ಬಂದು ಕೂತ ಪ್ಲಾಟಿನಂ ಅಂಗಳದಿಂದ ಒಬ್ಬೊಬ್ಬ ಮಗಳೂ ಹೋಗುವಾಗ ಒಂದೊಂದು ಕಿಡಿ ಕೊಟ್ಟು ಹೋಗುತ್ತಾಳೆ, ದೀಪ ಉರಿಯುವುದು ಅದರಿಂದಲೇ ಎಂದಳು. ಒಬ್ಬ ಮಗಳಾದರೂ ಪಕ್ಕದಲ್ಲಿರುವಾಗಲೇ ಆ ತಾಯಿಗೆ ತನ್ನಂಥ ಇನ್ನೊಬ್ಬ ತಾಯಿ ಸಿಕ್ಕರೆ, ಇಬ್ಬರೂ ಕೈ ಹಿಡಿದು ಗಾಳಿಗೆ ಏರುತ್ತಾರೆ.

"ಮೂವರನ್ನೂ ಕಳಿಸಿ ಒಬ್ಬಾಕಿನೇ ಉಳಿದ್ಲಂದ್ರ, ಅಂಗಳಕ್ಕ ಅಂಟಿ ಕುಂದ್ರತಾಳ. ದೀಪ ಸಣ್ಣಗಾಗ್ತದ."

ಹ್ಞೂಂ ಬರಲಿಲ್ಲ.

ಗೊಬ್ಬೂರ, ಜೇವರ್ಗಿ, ಸೊಲ್ಲಾಪುರ. ಮದೀನಾಬಿಯ ಮೂವರು ಹೆಣ್ಣುಮಕ್ಕಳ ಅತ್ತೆಮನೆಗಳು ಕೈನಾತಳಿಗೆ ನೆನಪಾದದ್ದು ಆಗ. ಕಥೆ ಇಲ್ಲಿಗೇ ಬಿಡುವುದೇ ಸರಿಯೆನಿಸಿತು. ಆದರೆ ಮದೀನಾಬಿ ಕಣ್ಣು ಕದಲಿಸದೆ ಅವಳನ್ನೇ ನೋಡುತ್ತಿದ್ದಳು.

"ನಾ ದಿನಾ ಅಲ್ಲಿ ಕುಂತು ಆಕಿನ್ನೇ ಎಬ್ಬಸಾಕತ್ತೇನಿ ದಾದಿಮಾ," ಎಂದಳು ಕೈನಾತ ಮೆಲ್ಲಗೆ. "ಕರೆಂಟು ಏರ್ಸಿ, ಇಳ್ಸಿ ನೋಡ್ತೇನಿ. ಒಂದೊಂದ್ ಸಲ ಏಳ್ತಾಳ."

ಒಲೆಯ ಮೇಲಿನ ರೊಟ್ಟಿ ಉಬ್ಬಿ ಇಳಿಯಿತು. ಮದೀನಾಬಿ "ಹ್ಞೂಂ" ಎಂದಳು.

"ಇಷ್ಟೇ. ಮುಗೀತು."

ಕೈನಾತ ಡಬ್ಬಿಯಿಂದ ಬೆಲ್ಲದ ಚೂರು ತೆಗೆದು ಆಕೆಯ ಸ್ವಾಧೀನವಿದ್ದ ಎಡ ಅಂಗೈಯಲ್ಲಿಟ್ಟಳು. ಮದೀನಾಬಿ ಅದನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ. ಬೆರಳುಗಳ ನಡುವೆ ಹಿಡಿದು ಮುರಿಯಲು ನೋಡಿದಳು. ಒಂದು ಕೈಯಿಂದ ಆಗಲಿಲ್ಲ. ಕೈನಾತ ಬೆಲ್ಲದ ಆಚೆ ತುದಿ ಹಿಡಿದಳು.